ಆರೂ ಹತ್ತರ ಗೆರೆ

ವಿಠೋಬಾ ಶಿಂಪಿಯವರ ಹೊಲಿಗೆ ಹತ್ತನೆಯ ದಿನ ಬೆಳಿಗ್ಗೆ ಆರೂ ಹತ್ತಕ್ಕೆ ಬಿಚ್ಚಿಕೊಂಡಿತು. ಅವರಿಗೆ ಇನ್ನೂ ಶಸ್ತ್ರಚಿಕಿತ್ಸೆಯೇ ಆಗಿರಲಿಲ್ಲ.

ಬಿಚ್ಚಿದ್ದು ಗಣಕದ ಪರದೆಯ ಮೇಲೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಅದರಲ್ಲಿರುವ ಸಣ್ಣ ಕಿಂಡಿಯಿಂದ ಅನ್ನನಾಳ ಕೆಳಗಿಳಿಯುತ್ತದೆ. ಕಿಂಡಿ ಹಿಗ್ಗಿದರೆ ಜಠರ ಎದೆಯೊಳಗೆ ನುಗ್ಗುತ್ತದೆ. ನಾಲ್ಕೈದು ಸಣ್ಣ ತೂತುಗಳಿಂದ ಉಪಕರಣ ಇಳಿಸಿ ಜಠರವನ್ನು ಕೆಳಗೆಳೆದು ಕಿಂಡಿಯನ್ನು ಹೊಲಿಯುವುದು ಹಳೆಯ ವಿದ್ಯೆ. ಯಾರ ಹೊಲಿಗೆ ನಿಲ್ಲುತ್ತದೆ, ಯಾರದು ನಿಲ್ಲುವುದಿಲ್ಲ ಎಂದು ಮೊದಲೇ ಹೇಳುವುದು ಮಾತ್ರ ಹೊಸದು. ಅದನ್ನು ಕಂಡುಹಿಡಿದವರು ಗದಗಿನ ಡಾಕ್ಟರ್ ತಹಸೀನ್ ಮುಲ್ಲಾ. ರೋಗಿ ಒಂದು ವಾರ ನಡುಪಟ್ಟಿ ಕಟ್ಟಿಕೊಂಡರೆ ಸಾಕು, ಹೊಟ್ಟೆಯೊಳಗಿನ ಒತ್ತಡವೆಲ್ಲ ಅದರಲ್ಲಿ ದಾಖಲಾಗುತ್ತದೆ. ಗಣಕ ಅವರ ವಪೆಯ ಪಡಿಯಚ್ಚು ಕಟ್ಟಿ, ಅದಕ್ಕೆ ಹೊಲಿಗೆ ಹಾಕಿ, ಸಾವಿರ ಸಲ ಹತ್ತು ವರ್ಷ ಬದುಕಿಸಿ ನೋಡುತ್ತದೆ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಬಿಚ್ಚಿದರೆ ಆಸ್ಪತ್ರೆ ಕತ್ತರಿ ಮುಟ್ಟುವುದಿಲ್ಲ. ಇದು ೨೦೬೧ರ ನಿಯಮ.

ವಿಠೋಬಾ ಅವರದು ನೂರಕ್ಕೆ ಮೂವತ್ತನಾಲ್ಕು.

ತಹಸೀನ್‌ಗೆ ಇದು ಅರ್ಥವಾಗಲಿಲ್ಲ. ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿ ಅವರಿಗೆ ಬಾಯಿಪಾಠ: ಇಳಿವಯಸ್ಸು, ಬೊಜ್ಜು, ದೊಡ್ಡ ಕಿಂಡಿ, ಧೂಮಪಾನ, ಬಿಡದ ಕೆಮ್ಮು, ಭಾರ ಎತ್ತುವ ಕೆಲಸ. ಅರವತ್ತೆಂಟರ ಈ ದರ್ಜಿಗೆ ವಯಸ್ಸೊಂದನ್ನು ಬಿಟ್ಟು ಯಾವುದೂ ಇರಲಿಲ್ಲ. ಆಳು ಕಡ್ಡಿಯಂತೆ, ಬೀಡಿ ಮುಟ್ಟಿದವರಲ್ಲ, ಎತ್ತಿದ ಭಾರವೆಂದರೆ ಕತ್ತರಿ. ಆದರೂ ದಿನಾ ಆರೂ ಹತ್ತಕ್ಕೆ ಒತ್ತಡದ ಗೆರೆ ಏಳೆಂಟು ಸಲ ನೆಟ್ಟಗೆ ಮೇಲೇರುತ್ತಿತ್ತು. ನಡುಪಟ್ಟಿ ಬದಲಿಸಿ ಇನ್ನೊಂದು ವಾರ ಕಟ್ಟಿಸಿದರೂ ಅದೇ ಗೆರೆ.

ಇಂಥವರ ಕಡತದಲ್ಲಿ ತಹಸೀನ್ ‘ವಪೆ ಹುಟ್ಟಿನಿಂದಲೇ ದುರ್ಬಲ’ ಎಂದು ಬರೆದು ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಈ ಸಲವೂ ಹೊಲಿಗೆ ನಿಲ್ಲುವುದಿಲ್ಲ ಎಂದು ಹೇಳಿ ಹಾಗೇ ಬರೆಯತೊಡಗಿದರು.

“ಡಾಕ್ಟರ್ ಬಾಯಾರ, ನಾಕ್ ವರ್ಷ ಆತು ನಾನು ಅಂಗಾತ ಮಲಗಿ,” ಎಂದರು ವಿಠೋಬಾ. “ಮಲಗಿದ್ರ ಎದಿಯೊಳಗ ಬೆಂಕಿ. ಕುರ್ಚ್ಯಾಗ ಕುಂತ ನಿದ್ದಿ. ಹೊಲಿಗಿ ನಿಂದ್ರೂದಿಲ್ಲ ಅಂತೀರಿ. ಐವತ್ತು ವರ್ಷ ಹೊಲದೀನ್ರಿ, ನಂಗೊಂದು ಗೊತ್ತೈತಿ. ಹೊಲಿಗಿ ತಾನ ಬಿಚ್ಚೂದಿಲ್ಲ, ಯಾರರ ಜಗ್ಗಬೇಕು.”

ತಹಸೀನ್ ಬರೆಯುವುದನ್ನು ನಿಲ್ಲಿಸಿದರು. “ಮಾಸ್ತರ್, ಮುಂಜಾನಿ ಆರೂ ಹತ್ತಕ್ಕ ಏನ್ ಮಾಡ್ತೀರಿ?”

“ಏನಿಲ್ರಿ. ಮಾರಿ ತೊಳಕೋತೀನಿ.”

ಪಕ್ಕದಲ್ಲಿದ್ದ ಹೆಂಡತಿ ತಾರಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಬರೇ ಮಾರಿ ಏನ್ರಿ! ನಾಲಗಿ ತಿಕ್ಕತಾರ, ಎರಡು ಬೆರಳು ಗಂಟಲಕ್ಕ ಹಾಕಿ ವ್ಯಾಕ್ ವ್ಯಾಕ್ ಅಂತಾರ. ನಮ್ಮ ಓಣ್ಯಾಗ ಯಾರೂ ಅಲಾರಾಂ ಇಡೂದಿಲ್ರಿ.”

“ಏ, ಅದೇನ್ ರೋಗ ಏನು? ಶುದ್ಧ! ನಮ್ಮಪ್ಪ ಕಲಿಸಿದ್ದು. ಕಫ ತಗೀಲಿಲ್ಲಂದ್ರ ದಿನಾ ಪೂರ್ತಿ ಹೊಲಸ.”

ತಹಸೀನ್ ಆ ದರ್ಜಿಗೆ ನಡುಪಟ್ಟಿ ಕಟ್ಟಿ ಕೈತೊಳೆಯುವ ತೊಟ್ಟಿಯ ಮುಂದೆ ನಿಲ್ಲಿಸಿದರು. ವಿಠೋಬಾ ಸಂಕೋಚದಿಂದಲೇ ಶುರು ಮಾಡಿದರೂ ಆಮೇಲೆ ಮನಸಾರೆ ಓಕರಿಸಿದರು. ಹೊರಗಿದ್ದ ನರ್ಸ್ ಗಾಬರಿಯಾಗಿ ಓಡಿಬಂದಳು. ಪರದೆಯ ಮೇಲೆ ಅದೇ ಗೆರೆ ಮೂಡಿತು. ಜೋಳದ ಚೀಲ ಎತ್ತುವ ಹಮಾಲರ ಹೊಟ್ಟೆಯಲ್ಲೂ ತಹಸೀನ್ ಅಷ್ಟು ಒತ್ತಡ ಕಂಡಿರಲಿಲ್ಲ. ಆ ಗೆರೆಗಳನ್ನು ಅಳಿಸಿ ಗಣಕವನ್ನು ಮತ್ತೆ ಓಡಿಸಿದಾಗ ಮೂವತ್ತನಾಲ್ಕು ಇದ್ದದ್ದು ಆರಕ್ಕೆ ಇಳಿಯಿತು.

ಬಿಡಲು ಒಪ್ಪಿಸುವುದೇ ಶಸ್ತ್ರಚಿಕಿತ್ಸೆಗಿಂತ ಕಷ್ಟವಾಯಿತು. ರೂಢಿ ಎಂದರೆ ರೂಢಿ. ಕೊನೆಗೆ, ನಾಲಿಗೆಯ ಮುಂದಿನ ಅರ್ಧ ಮಾತ್ರ, ಬೆರಳು ಒಳಗೆ ಹೋಗಕೂಡದು ಎಂದು ಒಪ್ಪಂದವಾಯಿತು. ಹೊಲಿಗೆ ಹಾಕಿ, ಮತ್ತೆ ನಡುಪಟ್ಟಿ ಕಟ್ಟಿ ಮನೆಗೆ ಕಳಿಸಿದ ಮೇಲೆ ತಾರಾಬಾಯಿ ದಿನಾ ಬಚ್ಚಲ ಬಾಗಿಲಲ್ಲಿ ಕಾವಲು ನಿಂತರು. ಹತ್ತನೆಯ ಬೆಳಿಗ್ಗೆ ತಹಸೀನ್ ಮನೆಯಲ್ಲೇ ಚಹಾ ಆರಲು ಬಿಟ್ಟು ಪರದೆ ನೋಡುತ್ತ ಕೂತರು. ಆರೂ ಒಂಬತ್ತು. ಆರೂ ಹತ್ತು. ಗೆರೆ ಚೂರು ಕೊಂಕಿ, ಸುಮ್ಮನಾಯಿತು.

ಏಳೂವರೆಗೆ ಫೋನು ಬಂತು. “ಇನ್ನೂ ಎದ್ದಿಲ್ರಿ ಇವರು,” ಎಂದರು ತಾರಾಬಾಯಿ. “ಆರೂ ಹತ್ತಕ್ಕ ಒಮ್ಮೆ ಮಗ್ಗಲಾ ಬದಲಿಸಿದರಷ್ಟ. ಅಂಗಾತ ಮಲಗ್ಯಾರ, ಬಾಯಿ ತಗದು. ಓಣ್ಯಾಗ ಮೂರು ಮನಿ ಹುಡುಗೂರಿಗೆ ಸಾಲಿ ಗಾಡಿ ತಪ್ಪತ್ರಿ!”

ತಹಸೀನ್ ನಕ್ಕರು. ಇಷ್ಟು ಸಮಾಧಾನ ಅವರಿಗೆ ಯಂತ್ರ ಮೊದಲ ಸಲ ಓಡಿದ ದಿನವೂ ಆಗಿರಲಿಲ್ಲ. ಆಮೇಲೆ ಹಳೆಯ ಕಡತಗಳನ್ನು ತೆರೆದರು. ‘ವಪೆ ಹುಟ್ಟಿನಿಂದಲೇ ದುರ್ಬಲ’ ಎಂದು ತಾವೇ ಬರೆದು ಹಿಂದೆ ಕಳಿಸಿದವರು ನೂರಾ ಹನ್ನೆರಡು ಮಂದಿ. ಅವರಲ್ಲಿ ನಲವತ್ತೊಂದು ಜನರ ಗೆರೆ ದಿನಾ ಬೆಳಿಗ್ಗೆ ಹೀಗೇ ನೆಟ್ಟಗೆ ಎದ್ದಿತ್ತು. ಅವರೂ ಎಲ್ಲೋ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿರಬೇಕು. ಆಗ ತಹಸೀನ್‌ಗೆ ನಾಚಿಕೆಯಾಯಿತು.

ಅಪಾಯಗಳ ಪಟ್ಟಿ ಬರೆದವರ ಊರಿನಲ್ಲಿ ಯಾರೂ ಬಚ್ಚಲಲ್ಲಿ ನಿಂತು ಓಕರಿಸುತ್ತಿರಲಿಲ್ಲ, ಹಾಗಾಗಿ ಅವರು ಅದನ್ನು ಬರೆದಿರಲಿಲ್ಲ. ತಹಸೀನ್ ಅವರ ಸ್ವಂತ ಅಪ್ಪ ಮಾತ್ರ ದಿನಾ ಓಕರಿಸುತ್ತಿದ್ದರು. ಚಿಕ್ಕಂದಿನಲ್ಲಿ ಆ ಸದ್ದಿಗೇ ತಹಸೀನ್ ಎದ್ದು ಶಾಲೆಗೆ ಹೋದದ್ದು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯಲು ಅವರು ಹನ್ನೊಂದು ವರ್ಷ ಯಂತ್ರ ಕಟ್ಟಿದ್ದರು.

ಮೊದಲ ಕಡತದ ನಂಬರು ಒತ್ತಿದರು. ಅತ್ತ ಯಾರೋ ಹೆಂಗಸು ಎತ್ತಿದಳು.

“ಅಕ್ಕಾರ, ನಿಮ್ಮ ಮನಿಯವರು ಮುಂಜಾನಿ ಎದ್ದು ಏನ್ ಮಾಡ್ತಾರ್ರಿ?” ಎಂದು ಕೇಳಿದರು ತಹಸೀನ್. ಈ ಪ್ರಶ್ನೆಗೆ ನಡುಪಟ್ಟಿ ಬೇಕಿರಲಿಲ್ಲ, ಗಣಕ ಬೇಕಿರಲಿಲ್ಲ. ನಲವತ್ತು ವರ್ಷ ಹಿಂದೆಯೇ ಯಾವ ಡಾಕ್ಟರು ಬೇಕಾದರೂ ಕೇಳಬಹುದಿತ್ತು.