ಅವನ ಅಂಗಿಯ ಧೂಳು

"ಮನೆಯಲ್ಲಿ ಯಾರಾದರೂ ಆಸ್ಬೆಸ್ಟಾಸ್ ಕೆಲಸ ಮಾಡ್ತಿದ್ರಾ?"

ಡಾಕ್ಟರಮ್ಮ ಕೇಳಿದ್ದು ಅವಳನ್ನು. ಬಿಳಿಚಿಕೊಂಡಿದ್ದು ಪಕ್ಕದಲ್ಲಿ ಕೂತಿದ್ದ ಗಂಡನ ಮುಖ.

ಮದುವೆಯಾದ ಹೊಸದರಲ್ಲಿ ಅವನು ಆಸ್ಬೆಸ್ಟಾಸ್ ಚಾವಣಿ ಶೀಟಿನ ಕಾರ್ಖಾನೆಯಲ್ಲಿ ಶೀಟು ಕೊಯ್ಯುತ್ತಿದ್ದ. ಸಂಜೆ ಮೈತುಂಬ ಬಿಳಿ ಧೂಳು ಹೊತ್ತು ಬಂದವನನ್ನು 'ಹಿಟ್ಟಿನ ಗಿರಣಿ ಇಲಿ ಬಂತು' ಎಂದು ರೇಗಿಸುತ್ತಾ ಅವಳು ಬಾಗಿಲಲ್ಲೇ ತಬ್ಬಿಕೊಳ್ಳುತ್ತಿದ್ದಳು. ಅವನ ಬಟ್ಟೆಗಳನ್ನು ಕೊಡವಿ ಒಗೆಯುತ್ತಿದ್ದವಳೂ ಅವಳೇ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಈಗ ಅವಳ ಹೊಟ್ಟೆ ಊದಿತ್ತು. ಮೊದಲು ಗ್ಯಾಸ್ ಎಂದರು. ಈ ವಯಸ್ಸಲ್ಲಿ ಏನಮ್ಮ ವಿಶೇಷ ಎಂದು ಪಕ್ಕದ ಮನೆಯಾಕೆ ಚುಡಾಯಿಸಿದ್ದೂ ಆಯಿತು. ಹೊಟ್ಟೆಯಿಂದ ನೀರು ತೆಗೆದರೂ ಮತ್ತೆ ತುಂಬಿಕೊಂಡಾಗ, ಒಳಗಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಹೊಟ್ಟೆಯ ಒಳಪೊರೆಯ ಕ್ಯಾನ್ಸರ್... ತೀರಾ ಅಪರೂಪದ್ದು. ಆ ಧೂಳು ಒಳಗೆ ಹೋಗಿ, ವರ್ಷಗಟ್ಟಲೆ ಸುಮ್ಮನಿದ್ದು, ಈಗ ಎದ್ದಿರಬಹುದು ಎಂದರು ಡಾಕ್ಟರಮ್ಮ. ಪೊರೆಯ ಮೇಲಿನ ಗಡ್ಡೆಗಳನ್ನೆಲ್ಲ ತೆಗೆದು, ಬಿಸಿ ಮಾಡಿದ ಔಷಧಿಯನ್ನು ಹೊಟ್ಟೆಯೊಳಗೇ ಹರಿಸಬೇಕಿತ್ತು. ವಾಸಿಯಾಗುತ್ತದೆಂದು ಅವರು ಹೇಳಲಿಲ್ಲ. ಕೆಲವು ವರ್ಷ ಸಿಗಬಹುದು ಎಂದರಷ್ಟೇ.

ಅವತ್ತಿನಿಂದ ಗಂಡ ಅವಳ ಹತ್ತಿರ ಸುಳಿಯಲಿಲ್ಲ.

ಔಷಧಿ ಬರುತ್ತಿತ್ತು, ಊಟ ಬರುತ್ತಿತ್ತು, ಎಲ್ಲ ನಾದಿನಿಯ ಕೈಯಲ್ಲಿ. ಅವನು ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಹಾಸಿಗೆ ಹಿಡಿದವಳು ಯಾರಿಗೆ ಬೇಕು... ಎಂದುಕೊಂಡು ಅವಳು ಗೋಡೆಯತ್ತ ತಿರುಗಿ ಮಲಗುತ್ತಿದ್ದಳು. ಅಣ್ಣನಿಗೆ ಧೈರ್ಯ ಸಾಲದು ಅತ್ತಿಗೆ ಎಂದು ನಾದಿನಿ ಸಮಾಧಾನ ಹೇಳಿದಾಗ ಮೈಯೆಲ್ಲ ಉರಿಯಿತು. ಹೊಟ್ಟೆ ಕೊಯ್ಯಿಸಿಕೊಳ್ಳುವವಳು ತಾನು, ಧೈರ್ಯ ಬೇಕಿರುವುದು ಅವನಿಗಾ?

ಆಪರೇಷನ್ನಿನ ಹಿಂದಿನ ಸಂಜೆ ಹೇಳಿ ಕಳಿಸಿದಳು. ಅವನು ಒಳಗೆ ಬರದಿದ್ದರೆ ನಾಳೆ ತಾನು ಆಪರೇಷನ್ನಿಗೆ ಹೋಗುವುದಿಲ್ಲ.

ಬಂದ. ಮಂಚದಿಂದ ಮಾರು ದೂರ ನಿಂತ.

"ನನ್ನ ಕಂಡ್ರೆ ಅಸಹ್ಯಾನಾ?" ಕೇಳಿದಳು.

"ನಿನ್ನ ಮುಟ್ಟೋ ಯೋಗ್ಯತೆ ನನಗಿಲ್ಲ ಕಣೇ." ಅವನು ನಿಂತಲ್ಲಿಂದಲೇ ಹೇಳಿದ. "ಈ ರೋಗಾನ ಮನೆಗೆ ಹೊತ್ತು ತಂದವನು ನಾನು. ಕೆಲಸ ಮಾಡಿದ ನಾನು ಗುಂಡುಕಲ್ಲಿನ ಹಾಗಿದ್ದೀನಿ. ನೀನು..."

ಅವಳಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ಎಷ್ಟೋ ಸಲ ಅವನನ್ನು ಶಪಿಸಿದ್ದಳು. ಕಾರ್ಖಾನೆಯ ಧಣಿಯನ್ನೂ, ಓಡಿ ಹೋಗಿ ತಬ್ಬಿಕೊಳ್ಳುತ್ತಿದ್ದ ತನ್ನನ್ನೂ ಶಪಿಸಿದ್ದಳು. ಆದರೆ ಅವನು ದೂರ ಕೂತ ಈ ದಿನಗಳಷ್ಟು ಯಾವುದೂ ನೋಯಿಸಿರಲಿಲ್ಲ.

"ಅದು ವಿಷ ಅಂತ ನಿಮಗೆ ಗೊತ್ತಿತ್ತಾ?"

"ಧಣಿಗೆ ಗೊತ್ತಿತ್ತೇನೋ. ನಮಗ್ಯಾರೂ ಹೇಳಲಿಲ್ಲ."

"ಹಾಗಿದ್ರೆ ಧೂಳು ನಿಮ್ಮ ತಪ್ಪಲ್ಲ. ಇಷ್ಟು ದಿನ ನನ್ನ ಒಬ್ಬಳನ್ನೇ ಬಿಟ್ರಲ್ಲ, ಅದು ನಿಮ್ಮ ತಪ್ಪು. ಅದನ್ನ ಕ್ಷಮಿಸಲ್ಲ."

ಅವನು ತಲೆ ತಗ್ಗಿಸಿ ಅತ್ತ. ಅವಳು ನೋವು ನುಂಗಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಕ್ಷಮಿಸಲ್ಲ ಅಂದೆಯಲ್ಲ..."

"ಕ್ಷಮಿಸಲ್ಲ. ಹತ್ತಿರ ಬನ್ನಿ. ಸಿಟ್ಟು ಮಾಡ್ಕೊಳ್ಳೋಕಾದ್ರೂ ನನಗೆ ನೀವೇ ಬೇಕು."