ಟೇಪಿನ ತುದಿ

ಪಿಕಪ್ಪಿನ ಹಿಂದಿನ ಗಾಜು ಒಡೆಯಿತು! ಒಂದು ಸ್ಪ್ಯಾನರ್ ಹಾರಿಬಂದು ಡ್ಯಾಶ್‌ಬೋರ್ಡಿಗೆ ಬಡಿಯಿತು.

"ತಲೆ ತಗ್ಗಿಸಿ, ಮೇಡಂ!" ಸ್ಟೀರಿಂಗ್ ಹಿಡಿದೇ ಕೂಗಿದೆ.

ಪಕ್ಕದಲ್ಲಿದ್ದ ಶಾಸಕಿ ತಗ್ಗಿದರು. ಅವರ ಆಚೆ ಕೂತಿದ್ದ ನನ್ನ ಅಕ್ಕ ತಗ್ಗಲಿಲ್ಲ. ಸ್ಪ್ಯಾನರ್ ಎತ್ತಿ ನೋಡಿದಳು.

"ಒಳ್ಳೇ ಮಾಲು. ಇಟ್ಕೋತೀನಿ."

ಆಮೇಲೆ ಮತ್ತೆ ನನ್ನನ್ನೇ ನೋಡತೊಡಗಿದಳು. ಆ ನೋಟಕ್ಕಿಂತ ಸ್ಪ್ಯಾನರೇ ವಾಸಿ...

ಹಿಂದೆ ಕಪ್ಪು ಜೀಪು. ಅದರಲ್ಲಿ ಟ್ರಾಕ್ಟರ್ ಕಂಪನಿಯ ದೊಡ್ಡ ಮನುಷ್ಯ. ಸುಡುಬಿಸಿಲಲ್ಲೂ ಕೋಟು ಬಿಚ್ಚದವನು. ಎಲ್ಲರೂ ಕೋಟು ಎಂದೇ ಕರೆಯುತ್ತಿದ್ದರು. ಅಂದು ಬೆಳಿಗ್ಗೆಯವರೆಗೆ ಅವನೇ ನನ್ನ ಯಜಮಾನ.

ನನ್ನ ಕಸುಬು ಇಷ್ಟೇ. ಯಾರನ್ನೋ ಎಲ್ಲಿಗೋ ತಲುಪಿಸುವುದು... ಇಲ್ಲವೇ ತಲುಪದಂತೆ ನೋಡಿಕೊಳ್ಳುವುದು.

ಅವತ್ತಿನದು ಎರಡನೆಯದು.

ಸದನದಲ್ಲಿ ಒಂದು ಮಸೂದೆ ಮತಕ್ಕೆ ಬರುವುದಿತ್ತು. ರೈತ ತನ್ನ ಟ್ರಾಕ್ಟರನ್ನು ತಾನೇ ರಿಪೇರಿ ಮಾಡಬಹುದು, ಬೇಕಾದ ಮೆಕ್ಯಾನಿಕ್‌ನಿಂದ ಮಾಡಿಸಬಹುದು. ಸಾಫ್ಟ್‌ವೇರ್ ಲಾಕ್ ತೆಗೆಯುವ ಕೋಡನ್ನು ಕಂಪನಿ ಕೊಡಲೇಬೇಕು. ಇಷ್ಟೇ. ಹಳೆಯ ಕಾನೂನಿನಲ್ಲಿ ಆ ಲಾಕ್ ಮುಟ್ಟಿದರೆ ಅಪರಾಧ. ಕೊಯ್ಲಿನ ನಡುವೆ ಟ್ರಾಕ್ಟರ್ ನಿಂತರೂ ಕಂಪನಿಯವನು ಬರುವ ತನಕ ಕಾಯಬೇಕು. ಕಾಯಲಾಗದ ಒಬ್ಬ ರೈತನಿಗೆ ಲಾಕ್ ತೆಗೆದುಕೊಟ್ಟದ್ದಕ್ಕೆ ಒಂದು ಗ್ಯಾರೇಜಿಗೆ ಸೀಲ್ ಬಿದ್ದಿತ್ತು.

ನನ್ನ ಅಕ್ಕನ ಗ್ಯಾರೇಜು!

ಗೊತ್ತಿದ್ದೇ ಕೆಲಸ ಒಪ್ಪಿಕೊಂಡೆ. ಬೇರೆಯವರಾದರೆ ಶಾಸಕಿಯ ಕಾಲು ಮುರಿಯುತ್ತಾರೆ, ನಾನಾದರೆ ಬರೀ ಕಾರು ಕೆಡಿಸುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ.

ಮನಸ್ಸು ನಂಬಲಿಲ್ಲ.

ಶಾಸಕಿ ಮಸೂದೆಯ ಪರ; ಆ ಒಂದು ಮತ ತಪ್ಪಿದರೂ ಅದು ಬೀಳುತ್ತಿತ್ತು. ಶಾಸಕಿಯ ಮನೆ ಮುಂದೆ ಕಾರಿನ ಬಾನೆಟ್ ಎತ್ತಿದೆ. ಇಂಜಿನ್ನಿನ ಕಂಪ್ಯೂಟರ್ ಬಿಚ್ಚಿ ನಾಲೆಗೆ ಎಸೆದೆ. ಬೆತ್ತಲಾದ ವೈರುಗಳಿಗೆ ಟೇಪ್ ಸುತ್ತಿದೆ. ಕಾರು ನಿಲ್ಲಬೇಕಿತ್ತು, ಹೊತ್ತಿ ಉರಿಯಬಾರದಿತ್ತು.

ಶಾಸಕಿಯ ಕಾರಿಗೆ ಅಕ್ಕನೇ ಮೆಕ್ಯಾನಿಕ್. ಆದರೆ ಸೀಲ್ ಬಿದ್ದಿದೆ, ಬರುವುದಿಲ್ಲ ಅಂದುಕೊಂಡಿದ್ದೆ. ಸೀಲ್ ಬಿದ್ದದ್ದು ಬಾಗಿಲಿಗೆ, ಅವಳ ಕೈಗಲ್ಲ! ಶಾಸಕಿ ಫೋನ್ ಮಾಡಿದ್ದೇ ತಡ, ಹಳೇ ಪಿಕಪ್ ಓಡಿಸಿಕೊಂಡು ಬಂದಳು. ಬಾನೆಟ್ ಎತ್ತಿದಳು. ಟೇಪನ್ನು ಬೆರಳಲ್ಲಿ ಸವರಿದಳು. ತಲೆಯೆತ್ತಿ ಸುತ್ತ ನೋಡಿದಳು... ಎದುರು ಗೋಡೆಯ ಮರೆಯಲ್ಲಿದ್ದ ನಾನು ಸಿಕ್ಕಿಬಿದ್ದೆ.

"ತುದಿ ಮಡಿಸಿದೀಯ," ಅಂದಳು.

ಅಪ್ಪ ಕಲಿಸಿದ್ದು. ಟೇಪ್ ಸುತ್ತಿದ ಮೇಲೆ ತುದಿಯನ್ನು ಚೂರು ಮಡಿಸಬೇಕು. ಮುಂದೆ ಬಿಚ್ಚುವವನಿಗೆ ಕಷ್ಟ ಆಗಬಾರದು. ಅಪ್ಪ ಹೋದ ಮೇಲೆ ಹಾಗೆ ಮಡಿಸುವವರು ನಾವಿಬ್ಬರೇ.

"ಅಕ್ಕಾ, ಅದು..."

"ಬಿಚ್ಚಿದ್ದು ಎಲ್ಲಿ?"

"ನಾಲೇಲಿ."

"ಥೂ!" ಪಿಕಪ್ ಕೀಲಿಯನ್ನು ನನ್ನ ಎದೆಗೆ ಎಸೆದಳು. "ಹತ್ತು. ಕೆಡಿಸೋಕೆ ಬಂತಲ್ಲ, ತಲುಪಿಸೋಕೂ ಬರುತ್ತಾ ನೋಡೋಣ!"

ಹಾಗೆ ಹೊರಟದ್ದು. ಬೀದಿ ತಿರುಗುವಷ್ಟರಲ್ಲಿ, ನನ್ನ ಮೇಲೆ ಕಣ್ಣಿಟ್ಟಿದ್ದ ಕೋಟಿನ ಜೀಪು ಬೆನ್ನು ಹತ್ತಿತು.

ಈಗ ಅದು ಪಕ್ಕಕ್ಕೇ ಬಂತು. ಕೋಟು ಕಿಟಕಿಯಿಂದ ಅರಚಿದ: "ಲೇ, ಯಾರ ಕಡೆಯೋ ನೀನು?"

"ಅವನಿಗೇ ಗೊತ್ತಿಲ್ಲ ಕಣಯ್ಯಾ!" ಅಕ್ಕ ತಿರುಗಿ ಅರಚಿದಳು.

ಸದನದ ಗೇಟು ಕಂಡಿತು. ಒಳಗೆ ಗಂಟೆ ಮೊಳಗುತ್ತಿತ್ತು. ಅದು ನಿಂತರೆ ಬಾಗಿಲು ಬಂದ್. ಆಮೇಲೆ ಬಂದವರಿಗೆ ಮತವಿಲ್ಲ.

ಜೀಪು ಮುಂದೆ ನುಗ್ಗಿ ಗೇಟಿಗೆ ಅಡ್ಡ ನಿಂತಿತು.

"ಬ್ರೇಕ್ ಹಾಕಬೇಡ," ಅಕ್ಕ ತಣ್ಣಗೆ ಹೇಳಿದಳು.

ಹಾಕಲಿಲ್ಲ.

ಧಡಾರ್!

ಜೀಪು ಗಿರ್ರನೆ ತಿರುಗಿ ಚರಂಡಿಗೆ ಬಿತ್ತು. ಶಾಸಕಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಗಂಟೆ ನಿಲ್ಲುವಷ್ಟರಲ್ಲಿ ಒಳಗಿದ್ದರು. ಒಂದೇ ಮತದಿಂದ ಮಸೂದೆ ಗೆದ್ದಿತು.

ನಾನು ಫುಟ್‌ಪಾತಿನ ಮೇಲೆ ಕೂತಿದ್ದೆ. ಹುಬ್ಬು ಸೀಳಿ ರಕ್ತ. ಅಕ್ಕ ಟೂಲ್‌ಬಾಕ್ಸಿನಿಂದ ಬಟ್ಟೆ ತೆಗೆದು ಗಾಯಕ್ಕೆ ಒತ್ತಿದಳು. ಅದರ ಮೇಲೆ ಟೇಪ್ ಸುತ್ತಿದಳು.

"ಇನ್ನು ಗ್ಯಾರೇಜ್ ತೆಗೀಬಹುದು," ಅಂದೆ. "ನಾನೂ ಕೆಲಸಕ್ಕೆ ಬರ್ಲಾ?"

ಅವಳು ಹಲ್ಲಿನಿಂದ ಟೇಪ್ ಕತ್ತರಿಸಿದಳು.

"ಪೊಲೀಸರು ಬರ್ತಿದಾರೆ. ಕಾರು ಕೆಡಿಸಿದ್ದು ಯಾರು ಅಂತ ಕೇಳಿದ್ರೆ ಹೇಳ್ತೀನಿ."

"ಹೇಳು."

"ಕೇಳದಿದ್ರೂ ಹೇಳ್ತೀನಿ."

ಹೇಳಿದಳು.

ಲಾಕಪ್ಪಿನಲ್ಲಿ ಆ ಪಟ್ಟಿ ಬಿಚ್ಚಲು ತುದಿ ಹುಡುಕಿದೆ... ಸಿಗಲಿಲ್ಲ. ಕೊನೆಗೆ ಅರ್ಧ ಹುಬ್ಬಿನ ಸಮೇತ ಕಿತ್ತುಬಂತು!

ಅಕ್ಕ ತುದಿ ಮಡಿಸಿರಲಿಲ್ಲ.