ಹೊಂಡದಿಂದ ಎದ್ದ ಕೋಲು

ಕೊಲ್ಲಿ ದೇಶದ ಶುಐಬಾದಲ್ಲಿದ್ದ ನಮ್ಮ ಕಂಪೆನಿಯ ಜರ್ಮನ್ ಎಂಜಿನಿಯರುಗಳು ಪ್ರತಿ ಮೇ ತಿಂಗಳಲ್ಲಿ ತಮ್ಮ ಊರಿನ ಗುರಿಹಬ್ಬ ಮಾಡುತ್ತಿದ್ದರು. ಏರ್‌ಗನ್ನಿನಲ್ಲಿ ಗುರಿ ಹೊಡೆದು ಗೆದ್ದವನೇ ಆ ವರ್ಷದ ರಾಜ. ಅವನಿಗೆ ಬೆಳ್ಳಿ ಸರ. ಗುರಿಹಲಗೆಯ ಕೆಳಗಿನ ಹೊಂಡದಲ್ಲಿ ಕೂತು, ಗುಂಡು ತಾಗಿದ ಜಾಗವನ್ನು ಕೋಲೆತ್ತಿ ತೋರಿಸುವುದು ಉಪ್ಪಿನಂಗಡಿಯ ಸಫೀರ್‌ನ ಕೆಲಸ. ಅವನಿಗೆ ನೀರು ಕೊಡುವುದು ನನ್ನ ಕೆಲಸ. ತೊಂಬತ್ತೇಳರಲ್ಲಿ ಕೊನೆಯ ಗುಂಡು ತೋರಿಸಿದವನು ಮೇಲೆ ಬರಲಿಲ್ಲ. ರಾಜನಿಗೆ ಸರ ಹಾಕಿ, ಫೋಟೊ ತೆಗೆದಾದ ಮೇಲೆ ಹೋಗಿ ನೋಡಿದರೆ, ಬಿಸಿಲಿಗೆ ಸತ್ತಿದ್ದ. ‘ಮೂರು ಸಲ ನೀರು ಕೊಟ್ಟಿದ್ದೆ’ ಎಂದು ಕಂಪೆನಿಯವರು ಬರೆದು ತಂದ ಕಾಗದಕ್ಕೆ ನಾನು ಸಹಿ ಹಾಕಿದೆ. ಒಂದು ಸಲವೂ ಕೊಟ್ಟಿರಲಿಲ್ಲ. ಅಲ್ಲಿ ಇರಲು ಬೇಕಾದ ನನ್ನ ಪರವಾನಗಿ, ಇಕಾಮಾ, ಮುಗಿಯುವುದರಲ್ಲಿತ್ತು; ಅದನ್ನು ಮುಂದುವರಿಸಬೇಕಾದವರು ಅವರೇ.

ಮರುವರ್ಷ ಹೊಂಡಕ್ಕಿಳಿಯುವ ಬಾಗಿಲಿಗೆ ಬೀಗ ಹಾಕಿ, ದುರ್ಬೀನಿನಲ್ಲಿ ಗುರಿ ನೋಡುವುದೆಂದಾಯಿತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಮೊದಲ ಗುಂಡು ಹಾರಿದ್ದೇ ಹೊಂಡದಿಂದ ಕೋಲು ಎದ್ದಿತು. ಸರಿಯಾದ ಜಾಗವನ್ನೇ ತೋರಿಸಿತು. ಎರಡನೆಯದಕ್ಕೂ ಹಾಗೆಯೇ.

“ಅಣ್ಣಾ, ಒಳಗೆ ಯಾರನ್ನು ಕೂರಿಸಿದ್ದು?” ಎಂದು ಚಹಾ ತಂದ ಮೆಸ್ಸಿನ ಹುಡುಗ ಬಾವಾ ಕೇಳಿದ.

“ಯಾರೂ ಇಲ್ಲ ಮಾರಾಯ, ಬೀಗ ಉಂಟು.”

ಜರ್ಮನ್ ದೊರೆಗಳಲ್ಲಿ ಒಬ್ಬನೂ ಕೇಳಲಿಲ್ಲ. ಹೊಂಡದಲ್ಲಿ ಯಾರೋ ಒಬ್ಬ ಇರುತ್ತಾನೆಂಬುದು ಅವರಿಗೆ ರೂಢಿ.

ಎಲ್ಲ ಮುಗಿದ ಮೇಲೆ ಬೀಗ ತೆಗೆದೆ. ಆ ಉರಿಬಿಸಿಲಲ್ಲೂ ಹೊಂಡ ಐಸಿನಂತೆ ತಣ್ಣಗಿತ್ತು. ಕೋಲಿನ ಹಿಡಿ ಬೆವರಿನಿಂದ ಒದ್ದೆಯಾಗಿತ್ತು. ಗೋಡೆಯ ಬುಡದಲ್ಲಿ ನಮ್ಮ ಮೆಸ್ಸಿನ ಮೂರು ಸ್ಟೀಲ್ ಲೋಟಗಳು ಸಾಲಾಗಿ ನಿಂತಿದ್ದವು. ಮೂರೂ ಒಣಗಿದ್ದವು.